ನಡೆದರೆ ಕಾಲು ಸೋಲುತ್ತದೆ, ಕೂತರೆ ಸರಿಹೋಗುತ್ತದೆ: ಸೊಂಟದ ಕೆನಾಲ್ ಸ್ಟೆನೋಸಿಸ್‌ಗೆ ಮಾರ್ಗದರ್ಶಿ

ಮನೆಯಲ್ಲಿ ಅರವತ್ತು ದಾಟಿದವರು ಯಾರಾದರೂ "ಸ್ವಲ್ಪ ದೂರ ನಡೆದರೆ ಕಾಲು ಭಾರ ಆಗುತ್ತೆ, ಎಲ್ಲಾದರೂ ಕೂತ್ಕೊಂಡ್ರೆ ಸಾಕು ಅನ್ಸುತ್ತೆ" ಎನ್ನುತ್ತಿದ್ದಾರಾ? ಅದನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗಬೇಡಿ. ಮಂಡಿ ಸವೆದಿರಬೇಕು ಎಂದು ಎಣ್ಣೆ ಹಚ್ಚುತ್ತಾ ವರ್ಷ ಕಳೆಯಬೇಡಿ. ಸೊಂಟದ ಮೂಳೆಗಳ ನಡುವೆ ನರಗಳು ಹಾದುಹೋಗುವ ಕಾಲುವೆ ಕಿರಿದಾಗಿ, ಕಾಲಿನ ನರಗಳು ಒತ್ತಿಕೊಂಡಾಗ ಹೀಗಾಗುತ್ತದೆ. ಡಾಕ್ಟರು ಇದನ್ನು ಲಂಬಾರ್ ಕೆನಾಲ್ ಸ್ಟೆನೋಸಿಸ್ ಎನ್ನುತ್ತಾರೆ. ಹಾಲೆಂಡಿನ ನರಶಸ್ತ್ರವೈದ್ಯ ಹೆಂಕ್ ವರ್ಬೀಸ್ಟ್ 1954ರಲ್ಲಿ ಇದನ್ನು ವಿವರವಾಗಿ ಬರೆದ ಮೇಲೆ ಇದಕ್ಕೆ ಪ್ರತ್ಯೇಕ ಕಾಯಿಲೆಯ ಸ್ಥಾನ ಸಿಕ್ಕಿತು.

ಈ ಲೇಖನ ಮುಖ್ಯವಾಗಿ ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಮಕ್ಕಳಿಗೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕಾಯಿಲೆಯಲ್ಲಿ ಸ್ಕ್ಯಾನ್‌ಗಿಂತ ನಡಿಗೆಯೇ ದೊಡ್ಡ ಸಾಕ್ಷಿ. ಎಷ್ಟು ದೂರ ನಡೆಯುತ್ತಾರೆ, ಏನು ಮಾಡಿದರೆ ಆರಾಮ ಆಗುತ್ತದೆ ಎನ್ನುವುದನ್ನು ಸರಿಯಾಗಿ ಗಮನಿಸಿದವರಿಗೆ ಮುಂದಿನ ಎಲ್ಲ ತೀರ್ಮಾನಗಳೂ ಸುಲಭ.

ಒಳಗೆ ಏನಾಗಿರುತ್ತದೆ

ನಮ್ಮ ಬೆನ್ನುಹುರಿ ಸೊಂಟದ ಕೆಳಗಿನ ತನಕ ಬರುವುದಿಲ್ಲ. ಎಲ್‌1-ಎಲ್‌2 ಎಂಬ ಸೊಂಟದ ಮೊದಲ ಎರಡು ಮೂಳೆಗಳ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳು ಗೊಂಚಲಾಗಿ ಇಳಿದು ಕಾಲು, ಮೂತ್ರಕೋಶ, ಗುದದ್ವಾರದ ಕಡೆ ಹೋಗುತ್ತವೆ. ವಯಸ್ಸಾದಂತೆ ಮುಂದಿನಿಂದ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಉಬ್ಬುತ್ತದೆ. ಹಿಂದಿನ ಚಿಕ್ಕ ಕೀಲುಗಳು ಸವೆದು ದಪ್ಪಗಾಗುತ್ತವೆ. ಒಳಗೋಡೆಯ ಹಳದಿ ಪಟ್ಟಿಯಂಥ ಅಸ್ಥಿರಜ್ಜುವೂ ದಪ್ಪವಾಗುತ್ತದೆ. ಮೂರೂ ಸೇರಿ ಜಾಗ ಕಿತ್ತುಕೊಳ್ಳುತ್ತವೆ. ಎಲ್‌4-ಎಲ್‌5 ಎಂಬ ಕೊನೆಯ ಎರಡು ಮೂಳೆಗಳ ಮಧ್ಯೆ ಇದು ಎಲ್ಲಕ್ಕಿಂತ ಜಾಸ್ತಿ. ಕೆಲವರಿಗೆ, ಅದರಲ್ಲೂ ಹೆಂಗಸರಿಗೆ, ಒಂದು ಮೂಳೆ ಇನ್ನೊಂದರ ಮೇಲೆ ಸ್ವಲ್ಪ ಮುಂದಕ್ಕೆ ಜರುಗಿರುತ್ತದೆ. ಇನ್ನು ಕೆಲವರಿಗೆ ಹುಟ್ಟಿನಿಂದಲೇ ಕಾಲುವೆ ಕಿರಿದು. ಅಂಥವರಿಗೆ ನಲವತ್ತು, ಐವತ್ತಕ್ಕೇ ತೊಂದರೆ ಶುರುವಾಗಬಹುದು.

ನೆಟ್ಟಗೆ ನಿಂತಾಗ ಈ ಕಾಲುವೆ ಇನ್ನಷ್ಟು ಕಿರಿದಾಗುತ್ತದೆ. ಮುಂದಕ್ಕೆ ಬಾಗಿದಾಗ ಅಗಲವಾಗುತ್ತದೆ. ಇದೊಂದು ವಿಷಯ ನೆನಪಿಟ್ಟುಕೊಂಡರೆ ಮುಂದೆ ಹೇಳುವ ಮುಕ್ಕಾಲು ಪಾಲು ತಾನಾಗಿಯೇ ಅರ್ಥವಾಗುತ್ತದೆ.

ಎಲ್ಲಕ್ಕಿಂತ ಮೊದಲು: ಕಾಯಬಾರದ ಲಕ್ಷಣಗಳು

ಈ ಕಾಯಿಲೆ ಸಾಮಾನ್ಯವಾಗಿ ನಿಧಾನ. ಆದರೆ ಈ ಕೆಳಗಿನ ಯಾವುದಾದರೂ ಕಂಡರೆ ಲೇಖನ ಬದಿಗಿಟ್ಟು, ಎಂಆರ್‌ಐ ಮತ್ತು ಬೆನ್ನುಮೂಳೆಯ ಸರ್ಜರಿ ಎರಡೂ ಇರುವ ಆಸ್ಪತ್ರೆಗೆ ಅದೇ ದಿನ, ರಾತ್ರಿಯಾದರೆ ರಾತ್ರಿಯೇ ಹೋಗಿ.

- ಮೂತ್ರ ಕಟ್ಟಿಕೊಳ್ಳುವುದು, ಅಥವಾ ಗೊತ್ತಿಲ್ಲದಂತೆ ಹೋಗಿಬಿಡುವುದು. ಮಲದ ಹಿಡಿತ ತಪ್ಪುವುದು.
- ಸೈಕಲ್ ಸೀಟಿಗೆ ತಾಗುವ ಭಾಗ, ಅಂದರೆ ಗುದದ್ವಾರ, ಜನನಾಂಗ, ಒಳತೊಡೆ ಮರಗಟ್ಟುವುದು. ತೊಳೆದುಕೊಳ್ಳುವಾಗ ಸ್ಪರ್ಶ ತಿಳಿಯದಿರುವುದು.
- ಎರಡೂ ಕಾಲಿನ ಶಕ್ತಿ ಬೇಗ ಕಡಿಮೆಯಾಗುವುದು, ಅಥವಾ ಪಾದ ಎತ್ತಲು ಆಗದೆ ಚಪ್ಪಲಿ ತಾನಾಗಿ ಜಾರುವುದು.

ಗೊಂಚಲು ನರಗಳ ಮೇಲಿನ ಒತ್ತಡವನ್ನು ಗಂಟೆಗಳ ಲೆಕ್ಕದಲ್ಲಿ ತೆಗೆಯಬೇಕಾಗುತ್ತದೆ. ತಡವಾದರೆ ಮೂತ್ರದ ಹಿಡಿತ ಮತ್ತೆ ಬಾರದೇ ಹೋಗಬಹುದು. ನಮ್ಮ ಹಿರಿಯರು ಈ ವಿಷಯಗಳನ್ನು ನಾಚಿಕೆಯಿಂದ ಹೇಳುವುದೇ ಇಲ್ಲ. ನೀವೇ ಬಿಡಿಸಿ ಕೇಳಬೇಕು.

ಸಂಜೆ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು, ಹಿಂದೆ ಕ್ಯಾನ್ಸರ್ ಆಗಿದ್ದ ಇತಿಹಾಸ ಇವುಗಳಲ್ಲಿ ಯಾವುದಿದ್ದರೂ ಅದು ಬೇರೆ ದಾರಿ. ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಅಪರೂಪವಲ್ಲ. ತಡಮಾಡದೆ ತೋರಿಸಿ.

ಹಂತ 1: ಒಂದು ವಾರ ನಡಿಗೆಯ ಲೆಕ್ಕ ಬರೆಯಿರಿ

ಒಂದು ನೋಟ್‌ಬುಕ್ ಸಾಕು. ದಿನಕ್ಕೊಮ್ಮೆ ಜೊತೆಯಲ್ಲಿ ನಡೆಯಿರಿ. ಮನೆಯಿಂದ ಹೊರಟು ಎಷ್ಟು ನಿಮಿಷಕ್ಕೆ ಕಾಲು ತೊಂದರೆ ಕೊಟ್ಟಿತು, ಎಲ್ಲಿಯ ತನಕ ಹೋಗಿದ್ದರು, ಹಾಲಿನ ಬೂತೋ, ಬಸ್ ಸ್ಟಾಪೋ, ಅಷ್ಟು ಬರೆಯಿರಿ. ತೊಂದರೆ ಎಂದರೆ ಏನು? ನೋವಾ, ಜೋಮಾ, ಭಾರವಾ, ಕಾಲು ಕುಸಿದಂತೆ ಆಗುತ್ತಾ? ಪಿರ್ರೆಯಿಂದ ಶುರುವಾಗಿ ತೊಡೆ, ಮೀನಖಂಡಕ್ಕೆ ಇಳಿಯುತ್ತಾ? ಒಂದು ಕಾಲಾ, ಎರಡೂನಾ?

ಈಗ ಮುಖ್ಯವಾದ ಪ್ರಶ್ನೆ. ನಿಂತಲ್ಲೇ ನಿಂತರೆ ಕಡಿಮೆಯಾಗುತ್ತಾ, ಅಥವಾ ಕೂರಲೇಬೇಕಾ?

ಕೆನಾಲ್ ಸ್ಟೆನೋಸಿಸ್‌ನಲ್ಲಿ ಸುಮ್ನೆ ನಿಂತರೆ ಸಾಲದು. ಕೂರಬೇಕು, ಇಲ್ಲವೇ ಮುಂದಕ್ಕೆ ಬಾಗಬೇಕು. ಸ್ವಲ್ಪ ಹೊತ್ತಿನಲ್ಲೇ ಕಾಲು ಹಗುರ. ಹಾಗಾಗಿಯೇ ಸೂಪರ್ ಮಾರ್ಕೆಟ್‌ನಲ್ಲಿ ಗಾಡಿಯ ಮೇಲೆ ಬಾಗಿ ತಳ್ಳುತ್ತಾ ಅರ್ಧ ಗಂಟೆ ಸುತ್ತುವ ಅಮ್ಮ, ದೇವಸ್ಥಾನದ ಕ್ಯೂನಲ್ಲಿ ಹತ್ತು ನಿಮಿಷ ನಿಲ್ಲಲಾರರು. ನಡೆಯಲು ಕಷ್ಟಪಡುವ ಅಜ್ಜ ಸೈಕಲ್ ತುಳಿದುಕೊಂಡು ಪಕ್ಕದ ಊರಿಗೆ ಹೋಗಿಬರುತ್ತಾರೆ. ಮನೆಯವರು "ನಾಟಕ" ಎಂದುಕೊಳ್ಳುವುದೂ ಉಂಟು. ನಾಟಕವಲ್ಲ, ಕಾಯಿಲೆಯ ಗುರುತೇ ಅದು. ದಿಬ್ಬ ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಎನ್ನುವುದೂ ಇದೇ ಸಾಲಿನದು. ಇಳಿಯುವಾಗ ಬೆನ್ನು ಹಿಂದಕ್ಕೆ ವಾಲುತ್ತದೆ, ಅಲ್ವಾ?

ಹಂತ 2: ಹೋಲುವ ಬೇರೆ ಕಾಯಿಲೆಗಳನ್ನು ಬಿಡಿಸಿಕೊಳ್ಳಿ

ಕಾಲಿನ ರಕ್ತನಾಳ ಕಟ್ಟಿಕೊಂಡಾಗಲೂ ನಡೆದರೆ ಮೀನಖಂಡ ಹಿಡಿಯುತ್ತದೆ. ಆದರೆ ಅದು ನಿಂತರೆ ಸಾಕು, ಬಿಡುತ್ತದೆ. ಸೈಕಲ್ ತುಳಿದರೂ ಬರುತ್ತದೆ. ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ ಇರುವವರು ಇದನ್ನು ಮೊದಲು ಅನುಮಾನಿಸಬೇಕು. ಪಾದದ ನಾಡಿ ಮುಟ್ಟಿ ನೋಡುವಂತೆ ಡಾಕ್ಟರನ್ನು ಕೇಳಿ. ಎರಡು ನಿಮಿಷದ ಕೆಲಸ ಅದು. ಎಷ್ಟೋ ಸಲ ನೇರ ಎಂಆರ್‌ಐಗೆ ಬರೆದುಬಿಡುತ್ತಾರೆ, ಚಪ್ಪಲಿ ಬಿಚ್ಚಿಸಿ ನೋಡುವುದೇ ಇಲ್ಲ.

ರಾತ್ರಿ ಮಲಗಿದಾಗಲೂ ಎರಡೂ ಅಂಗಾಲು ಉರಿಯುತ್ತಿದ್ದರೆ, ಕಾಲುಚೀಲ ಹಾಕಿದಂತೆ ಜೋಮು ಇದ್ದರೆ, ಸಕ್ಕರೆ ಕಾಯಿಲೆಯ ನರದೋಷವೋ ವಿಟಮಿನ್ ಬಿ12 ಕೊರತೆಯೋ ಇರಬಹುದು. ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆಯಾಗುವುದು ಸಾಮಾನ್ಯ. ಬಿ12 ಮಾತ್ರೆ ಶುರು ಮಾಡುವ ಮುಂಚೆಯೇ ರಕ್ತ ಪರೀಕ್ಷೆ ಮಾಡಿಸಿ. ಆಮೇಲೆ ಮಾಡಿಸಿದರೆ ಲೆಕ್ಕ ಸರಿಯಾಗಿ ಸಿಗುವುದಿಲ್ಲ.

ತೊಡೆಸಂದಿನಲ್ಲಿ ನೋವು, ಚಕ್ಕಳಮಕ್ಕಳ ಹಾಕಲು ಕಷ್ಟ ಎಂದರೆ ತೊಡೆ ಸೊಂಟಕ್ಕೆ ಸೇರುವ ಕೀಲನ್ನು (ಹಿಪ್ ಜಾಯಿಂಟ್) ನೋಡಿಸಿ. ನಡೆಯುವಾಗ ತೂರಾಡಿ, ಜೊತೆಗೆ ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಿದರೆ ಕತ್ತಿನಲ್ಲಿ ಬೆನ್ನುಹುರಿ ಒತ್ತಿರಬಹುದು. ಕೆಲವರಿಗೆ ಕತ್ತು, ಸೊಂಟ ಎರಡೂ ಕಡೆ ಇರುತ್ತದೆ. ಆಗ ಕತ್ತಿನದೇ ಮೊದಲ ಚಿಂತೆ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಗದಗ, ಕೊಪ್ಪಳ, ರಾಯಚೂರು ಕಡೆಯ ಓದುಗರಿಗೆ ಒಂದು ಮಾತು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಹಳ್ಳಿಗಳಲ್ಲಿ ಹಲ್ಲು ಕಂದುವುದಷ್ಟೇ ಅಲ್ಲ, ಮೂಳೆ ಮತ್ತು ಅಸ್ಥಿರಜ್ಜು ಗಟ್ಟಿಯಾಗಿ ಬೆನ್ನಿನ ಕಾಲುವೆ ಕಿರಿದಾಗುವುದೂ ಇದೆ. ಬೆನ್ನು ಬಗ್ಗದಷ್ಟು ಬಿಗಿಯಾಗಿದ್ದರೆ ಎಲ್ಲಿಯ ನೀರು ಕುಡಿದು ಬೆಳೆದವರು ಎಂದು ಡಾಕ್ಟರಿಗೆ ಹೇಳಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಫ್ಲೋರೈಡ್ ಇರಬೇಕು ಎನ್ನುತ್ತದೆ ಭಾರತೀಯ ಮಾನಕ. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ.

ಹಂತ 3: ಡಾಕ್ಟರ ಹತ್ತಿರ

ಮೂಳೆ ಡಾಕ್ಟರೋ ನರಶಸ್ತ್ರವೈದ್ಯರೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಬೆನ್ನುಮೂಳೆಯ ಕೆಲಸವನ್ನು ಇಬ್ಬರೂ ಮಾಡುತ್ತಾರೆ. ಜಿಲ್ಲಾಸ್ಪತ್ರೆಯ ಮೂಳೆ ವಿಭಾಗದಿಂದ ಶುರು ಮಾಡಿದರೂ ಆಗುತ್ತದೆ. ನೋಟ್‌ಬುಕ್, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಳೆಯ ಸಕ್ಕರೆ ಮತ್ತು ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ರಿಪೋರ್ಟು ಜೊತೆಗಿರಲಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಎಂಆರ್‌ಐ ಬರೆಯುವಾಗಲೇ ಹೇಳಿ.

ಎಂಆರ್‌ಐ ಯಾವಾಗ? ಕಾಲಿನ ಶಕ್ತಿ ಕಡಿಮೆಯಾಗಿದ್ದರೆ ತಕ್ಷಣ. ಹಾಗಿಲ್ಲದಿದ್ದರೆ ಇಂಜೆಕ್ಷನ್ನೋ ಆಪರೇಷನ್ನೋ ಎಂಬ ಮಾತು ಬಂದಾಗ ಮಾಡಿಸಿದರೂ ನಷ್ಟವಿಲ್ಲ. ನಿಂತು ಬಗ್ಗಿ ತೆಗೆಸುವ ಎಕ್ಸ್‌ರೇ ಬಗ್ಗೆಯೂ ಕೇಳಿ. ಎಂಆರ್‌ಐ ಮಲಗಿಸಿ ತೆಗೆಯುವುದರಿಂದ, ನಿಂತಾಗ ಮಾತ್ರ ಜರುಗುವ ಮೂಳೆ ಅದರಲ್ಲಿ ಕಾಣದೇ ಹೋಗಬಹುದು.

ರಿಪೋರ್ಟು ಬಂದ ದಿನ ಮನೆಯಲ್ಲಿ ಗಾಬರಿ ಗ್ಯಾರಂಟಿ. "ಸಿವಿಯರ್ ಸ್ಟೆನೋಸಿಸ್", "ಫ್ಯಾಸೆಟ್ ಹೈಪರ್‌ಟ್ರೊಫಿ", "ಡಿಸ್ಕ್ ಬಲ್ಜ್" ಎಂದೆಲ್ಲ ಎರಡು ಪುಟ ಇರುತ್ತದೆ. ಇಲ್ಲಿ ಒಂದು ಹಳೆಯ ಅಧ್ಯಯನ ನೆನಪಿಡಿ. 1990ರಲ್ಲಿ ಅಮೆರಿಕದ ವೈದ್ಯರು ಬೆನ್ನುನೋವು, ಸಯಾಟಿಕಾ (ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು) ಯಾವತ್ತೂ ಇಲ್ಲದ 67 ಜನರಿಗೆ ಎಂಆರ್‌ಐ ಮಾಡಿದರು. ಅವರಲ್ಲಿ 60 ದಾಟಿದವರ ಪೈಕಿ ಶೇಕಡ 21ರಷ್ಟು ಜನರಿಗೆ ಕಾಲುವೆ ಕಿರಿದಾಗಿತ್ತು. ಅವರಿಗೆ ಅದರ ಸುಳಿವೂ ಇರಲಿಲ್ಲ. ಚಿತ್ರದಲ್ಲಿ ಕಂಡದ್ದೆಲ್ಲ ಕಾಯಿಲೆಯಲ್ಲ. ಚಿತ್ರ ಮತ್ತು ನಿಮ್ಮ ನೋಟ್‌ಬುಕ್ ಒಂದೇ ಮಾತು ಹೇಳಬೇಕು.

"ಈಗ ಬಿಟ್ಟರೆ ಹಾಸಿಗೆ ಹಿಡಿಯುತ್ತಾರೆ" ಎಂದು ಯಾರಾದರೂ ಹೆದರಿಸಿದರೆ ಇನ್ನೊಂದು ಲೆಕ್ಕ. 1992ರಲ್ಲಿ ಸ್ವೀಡನ್ನಿನ ವೈದ್ಯರು ಆಪರೇಷನ್ ಮಾಡಿಸಿಕೊಳ್ಳದ 32 ರೋಗಿಗಳ ವಿಷಯ ಪ್ರಕಟಿಸಿದರು. ಸುಮಾರು ನಾಲ್ಕು ವರ್ಷದ ಮೇಲೆ ಶೇಕಡ 70 ಜನ ಇದ್ದ ಹಾಗೆಯೇ ಇದ್ದರು. ಶೇಕಡ 15 ಜನ ಸುಧಾರಿಸಿದ್ದರು, ಶೇಕಡ 15 ಜನರಿಗೆ ಜಾಸ್ತಿಯಾಗಿತ್ತು. ಚಿಕ್ಕ ಅಧ್ಯಯನ, ನಿಜ. ಆದರೂ ಹೆದರಿಕೆಯಲ್ಲಿ ಸಹಿ ಹಾಕುವ ಅವಸರವಿಲ್ಲ ಎಂದು ಹೇಳಲು ಸಾಕು.

ಹಂತ 4: ಮೊದಲ ಮೂರು ತಿಂಗಳು

ಇಲ್ಲಿ ಶ್ರಮ ಹಾಕಿ. ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕೆಲವು ಸಲ ಹೋಗಿ ಕಲಿತು, ಮನೆಯಲ್ಲಿ ಮುಂದುವರಿಸಿ. ಬರೀ ಕರೆಂಟು, ಶಾಖ ಕೊಟ್ಟು ಕಳಿಸುವ ಕಡೆ ದುಡ್ಡು ಸುರಿಯಬೇಡಿ. ವ್ಯಾಯಾಮ ಕಲಿಸುವವರು ಬೇಕು.

*ನಡಿಗೆ ತುಂಡು ತುಂಡಾಗಿರಲಿ.* 300 ಮೀಟರಿಗೆ ಕಾಲು ಸೋಲುತ್ತದೆ ಎಂದರೆ 200ಕ್ಕೇ ಕೂರಿಸಿ. ನೋವು ಬಂದ ಮೇಲೆ ಕೂರುವುದಲ್ಲ, ಬರುವ ಮುಂಚೆ. ಒಂದೆರಡು ನಿಮಿಷ ಬಿಟ್ಟು ಮತ್ತೆ 200. ಪಾರ್ಕಿನಲ್ಲಿ ಬೆಂಚುಗಳು ಎಲ್ಲಿವೆ ನೋಡಿ ದಾರಿ ಆರಿಸಿ. ಊರಿನಲ್ಲಾದರೆ ಜಗಲಿ ಕಟ್ಟೆಗಳಿಗೇನು ಬರ? ವಾರ ಕಳೆದಂತೆ ತುಂಡುಗಳನ್ನು ಉದ್ದ ಮಾಡಿ.

*ತಳ್ಳಲು ಏನಾದರೂ ಇರಲಿ.* ನಾಲ್ಕು ಚಕ್ರದ, ಸೀಟು ಮತ್ತು ಬ್ರೇಕ್ ಇರುವ ವಾಕರ್ ಸಿಗುತ್ತದೆ. ಅದರ ಹಿಡಿಕೆಯನ್ನು ಸ್ವಲ್ಪ ತಗ್ಗಿಸಿ, ಬೆನ್ನು ತುಸು ಬಾಗುವಂತೆ. ನಮ್ಮವರಿಗೆ ವಾಕರ್ ಎಂದರೆ ಮರ್ಯಾದೆ ಪ್ರಶ್ನೆ. ಸೈಕಲ್ ಓಡಿಸದಿದ್ದರೂ ತಳ್ಳಿಕೊಂಡು ಹೋಗಲಿ, ಯಾರೂ ಏನೂ ಅನ್ನುವುದಿಲ್ಲ! ಮನೆಯೊಳಗಿನ ವ್ಯಾಯಾಮದ ಸೈಕಲ್ ಕೂಡ ಒಳ್ಳೆಯದು. ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಿ.

*ವ್ಯಾಯಾಮ.* ಅಂಗಾತ ಮಲಗಿ ಒಂದು ಮಂಡಿಯನ್ನು ಎದೆಗೆ ತಂದು ಐದಾರು ಉಸಿರು ಹಿಡಿಯುವುದು, ಆಮೇಲೆ ಇನ್ನೊಂದು, ಆಮೇಲೆ ಎರಡೂ. ಮಂಡಿ ಮಡಚಿ ಮಲಗಿ ಸೊಂಟವನ್ನು ನೆಲಕ್ಕೆ ಒತ್ತುವುದು. ಕುರ್ಚಿಯಲ್ಲಿ ಕೂತು ನಿಧಾನ ಮುಂದೆ ಬಾಗುವುದು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ತೊಡೆಯ ಬಲಕ್ಕೆ.

ಇಲ್ಲೇ ದೊಡ್ಡ ಗೊಂದಲ ಇರುವುದು. ಡಿಸ್ಕ್ ಜಾರಿದ ಎಷ್ಟೋ ಯುವಕರಿಗೆ "ಮುಂದೆ ಬಗ್ಗಬೇಡಿ, ಭುಜಂಗಾಸನ ಮಾಡಿ" ಎನ್ನುತ್ತಾರೆ. ಅದೇ ವಾಟ್ಸಾಪ್ ವಿಡಿಯೊ ಅಪ್ಪನ ಮೊಬೈಲಿಗೂ ಬರುತ್ತದೆ. ಕೆನಾಲ್ ಸ್ಟೆನೋಸಿಸ್‌ನಲ್ಲಿ ಭುಜಂಗಾಸನ, ಶಲಭಾಸನ, ಧನುರಾಸನ, ಚಕ್ರಾಸನ, ಅಂದರೆ ಬೆನ್ನನ್ನು ಹಿಂದಕ್ಕೆ ಮಣಿಸುವುದೆಲ್ಲ, ಸಾಮಾನ್ಯವಾಗಿ ಕಾಲಿನ ಜೋಮನ್ನು ಜಾಸ್ತಿ ಮಾಡುತ್ತದೆ. ಪವನಮುಕ್ತಾಸನ, ಶಶಾಂಕಾಸನದಂಥವು ಹಿತ. ಎರಡೂ ಸೊಂಟದ ನರದ ತೊಂದರೆಯೇ, ಆದರೆ ದಾರಿ ಉಲ್ಟಾ. ಯೋಗ ತರಗತಿಗೆ ಹೋಗುವವರು ಗುರುಗಳಿಗೆ ಇದನ್ನು ಮೊದಲೇ ಹೇಳಲಿ. ಆದರೆ ಮೂಳೆ ಟೊಳ್ಳಾಗಿ ಬೆನ್ನುಮೂಳೆ ಕುಸಿದಿದ್ದರೆ ಮುಂದೆ ಬಾಗುವ ವ್ಯಾಯಾಮವೂ ಅಪಾಯ. ಅಂಥವರು ಡಾಕ್ಟರನ್ನು ಕೇಳದೆ ಏನೂ ಶುರು ಮಾಡಬಾರದು.

ಮನೆಯಲ್ಲಿ ಕೆಲವು ಸಣ್ಣ ಬದಲಾವಣೆ. ಒಲೆಯ ಮುಂದೆ ನಿಂತಾಗ ಒಂದು ಪಾದವನ್ನು ಗಿಡ್ಡ ಮಣೆಯ ಮೇಲಿಟ್ಟು, ಆಗಾಗ ಕಾಲು ಬದಲಿಸಲಿ. ಚಪಾತಿ ಲಟ್ಟಿಸುವುದು, ತರಕಾರಿ ಹೆಚ್ಚುವುದು ಕೂತು ಮಾಡಲಿ. ಸ್ನಾನದ ಮನೆಯಲ್ಲಿ ಸ್ಟೂಲ್, ಗೋಡೆಗೆ ಹಿಡಿಕೆ. ಮಗ್ಗುಲಾಗಿ, ಮಂಡಿ ಮಡಚಿ, ನಡುವೆ ದಿಂಬಿಟ್ಟು ಮಲಗಿದರೆ ರಾತ್ರಿ ಚೆನ್ನಾಗಿ ಹೋಗುತ್ತದೆ. ಬೋರಲು ಬೇಡ. ಮೇಲಿನ ಅಟ್ಟದಿಂದ ಡಬ್ಬಿ ಇಳಿಸುವಾಗ ಬೆನ್ನು ಹಿಂದಕ್ಕೆ ಬಾಗುತ್ತದೆ, ಆ ಕೆಲಸ ನಿಮ್ಮದಾಗಲಿ. ಸೊಂಟದ ಬೆಲ್ಟು ಪ್ರಯಾಣಕ್ಕೆ ಸರಿ. ದಿನವಿಡೀ ಕಟ್ಟಿದರೆ ಸ್ನಾಯು ಸೋಮಾರಿಯಾಗುತ್ತದೆ.

ಎಣ್ಣೆ ತಿಕ್ಕಿಸಿಕೊಂಡರೆ ಬಿಗಿದ ಸ್ನಾಯು ಸಡಿಲವಾಗಿ ಹಿತವೆನಿಸುತ್ತದೆ, ಬೇಡ ಎನ್ನುವುದಿಲ್ಲ. ಆದರೆ ಬೆನ್ನು ಮೆಟ್ಟಿಸುವುದು, ಲಟಿಕೆ ತೆಗೆಸುವುದು ಬೇಡವೇ ಬೇಡ.

ಹಂತ 5: ಮಾತ್ರೆ ಮತ್ತು ಇಂಜೆಕ್ಷನ್

ಯಾವ ಮಾತ್ರೆಯೂ ಕಾಲುವೆಯನ್ನು ಅಗಲ ಮಾಡುವುದಿಲ್ಲ. ನೋವು ತಡೆದು ನಡೆಯಲು ಬಿಡುವುದಷ್ಟೇ ಅದರ ಕೆಲಸ. ನೋವಿನ ಮಾತ್ರೆಗಳಾದ ಡೈಕ್ಲೋಫೆನಾಕ್, ಏಸಿಕ್ಲೋಫೆನಾಕ್‌ಗಳನ್ನು ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಕಿಡ್ನಿ, ಹೊಟ್ಟೆ, ಬಿಪಿ ಮೂರಕ್ಕೂ ಪೆಟ್ಟು. ನರದ ನೋವಿನ ಔಷಧ ಪ್ರಿಗಾಬಲಿನ್ ಮತ್ತು ಬಿ12ರ ಒಂದು ರೂಪವಾದ ಮಿಥೈಲ್‌ಕೋಬಾಲಮಿನ್ ಸೇರಿದ ಮಾತ್ರೆಯನ್ನು ನಮ್ಮಲ್ಲಿ ತುಂಬ ಬರೆಯುತ್ತಾರೆ. ಕೆಲವರಿಗೆ ಅನುಕೂಲ ಆಗಬಹುದು, ಆದರೆ ಈ ಕಾಯಿಲೆಯಲ್ಲಿ ಅದರ ಲಾಭಕ್ಕೆ ಪುರಾವೆ ತೆಳು. ವಯಸ್ಸಾದವರಿಗೆ ಅದರಿಂದ ಮಂಪರು, ತಲೆಸುತ್ತು. ರಾತ್ರಿ ಬಾತ್‌ರೂಮಿಗೆ ಎದ್ದು ಬಿದ್ದರೆ ಸೊಂಟ ಮುರಿಯುತ್ತದೆ. ಶುರು ಮಾಡಿದ ಮೊದಲ ದಿನಗಳಲ್ಲಿ ಜೊತೆಗೆ ಯಾರಾದರೂ ಮಲಗಿ. ತಿಂಗಳಾದರೂ ನಡಿಗೆಯ ಲೆಕ್ಕದಲ್ಲಿ ಫರಕು ಕಾಣದಿದ್ದರೆ ನಿಲ್ಲಿಸುವ ಬಗ್ಗೆ ಕೇಳಿ. ತಾವಾಗಿ ಒಮ್ಮೆಲೇ ಬಿಡಬೇಡಿ.

ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆ 2014ರಲ್ಲಿ 400 ಜನರ ಮೇಲೆ ನಡೆದ ಪರೀಕ್ಷೆ ಪ್ರಕಟವಾಯಿತು. ಅರ್ಧ ಜನರಿಗೆ ಸ್ಟೀರಾಯ್ಡ್ ಜೊತೆ ಮರಗಟ್ಟಿಸುವ ಔಷಧ, ಉಳಿದವರಿಗೆ ಬರೀ ಮರಗಟ್ಟಿಸುವ ಔಷಧ. ಆರು ವಾರಕ್ಕೆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಹಾಗಾಗಿ ಮದುವೆ, ಪ್ರಯಾಣದಂಥ ತುರ್ತಿಗೆ ತಾತ್ಕಾಲಿಕ ಆರಾಮ ಸಿಕ್ಕರೆ ಸಿಕ್ಕಿತು ಎಂದುಕೊಳ್ಳಿ. ಮೂರು ಇಂಜೆಕ್ಷನ್ನಿನ ಪ್ಯಾಕೇಜಿಗೆ ನಾನಾದರೆ ಮುಂಗಡ ಕಟ್ಟುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಲೇಬೇಕು.

ಹಂತ 6: ಆಪರೇಷನ್ ಬೇಕಾ?

ತುರ್ತು ಲಕ್ಷಣಗಳು ಇಲ್ಲದಿದ್ದರೆ ಇದು ಪ್ರಾಣದ ಪ್ರಶ್ನೆಯಲ್ಲ, ಬದುಕುವ ರೀತಿಯ ಪ್ರಶ್ನೆ. ಮೂರು ತಿಂಗಳು ನಿಯತ್ತಾಗಿ ಪ್ರಯತ್ನಪಟ್ಟ ಮೇಲೂ ಬೀದಿಯ ತುದಿ ತನಕ ಹೋಗಲಾಗದೆ, ಅವರಿಗೆ ಬೇಕಾದ ಕೆಲಸ ನಿಂತುಹೋಗಿದ್ದರೆ ಆಪರೇಷನ್ ಯೋಚಿಸಬೇಕಾದ್ದೇ. ಅಮೆರಿಕದಲ್ಲಿ 169 ರೋಗಿಗಳ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆಪರೇಷನ್ ಗುಂಪು, ಫಿಸಿಯೋಥೆರಪಿ ಗುಂಪು ಎರಡೂ ಎರಡು ವರ್ಷಕ್ಕೆ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿದ್ದವು. ಆದರೆ ಫಿಸಿಯೋಥೆರಪಿ ಗುಂಪಿನ ಅರ್ಧಕ್ಕಿಂತ ಜಾಸ್ತಿ ಜನ ನಡುವೆ ಆಪರೇಷನ್ ಮಾಡಿಸಿಕೊಂಡಿದ್ದರು ಎನ್ನುವುದನ್ನೂ ಸೇರಿಸಿ ಓದಬೇಕು. ವ್ಯಾಯಾಮ ಎಲ್ಲರಿಗೂ ಸಾಲುವುದಿಲ್ಲ, ಆಪರೇಷನ್ನೂ ಎಲ್ಲರಿಗೂ ಬೇಕಿಲ್ಲ.

ಸರ್ಜನ್ ಹತ್ತಿರ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ.

"ಬರೀ ಒತ್ತಡ ತೆಗೆಯುತ್ತೀರಾ, ರಾಡು ಸ್ಕ್ರೂ ಕೂಡ ಹಾಕುತ್ತೀರಾ? ಯಾಕೆ?" ಇದು ಖರ್ಚಿನಲ್ಲೂ ಅಪಾಯದಲ್ಲೂ ದೊಡ್ಡ ವ್ಯತ್ಯಾಸ ತರುವ ಪ್ರಶ್ನೆ. ಕಾಲುವೆಯ ಹಿಂದಿನ ಮೂಳೆ, ದಪ್ಪ ರಜ್ಜು ತೆಗೆದು ನರಕ್ಕೆ ಜಾಗ ಮಾಡುವುದು ಒಂದು. ಜೊತೆಗೆ ಮೂಳೆಗಳನ್ನು ಸ್ಕ್ರೂ ಹಾಕಿ ಬೆಸೆಯುವುದು ಇನ್ನೊಂದು. ಸ್ವೀಡನ್ನಿನಲ್ಲಿ 247 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬೆಸೆದವರಿಗೆ ಎರಡು ವರ್ಷಕ್ಕಾಗಲೀ ಐದು ವರ್ಷಕ್ಕಾಗಲೀ ಹೆಚ್ಚಿನ ಲಾಭ ಕಾಣಲಿಲ್ಲ. ಮೂಳೆ ತುಂಬ ಜರುಗಿ ಅಲುಗಾಡುತ್ತಿದ್ದರೆ ಬೆಸೆಯಲು ಕಾರಣವಿರುತ್ತದೆ. ಆ ಕಾರಣವನ್ನು ಎಕ್ಸ್‌ರೇಯಲ್ಲಿ ತೋರಿಸಿ ಎಂದು ಕೇಳಿ. ಒಳ್ಳೆಯ ಸರ್ಜನ್ ಬೇಸರ ಮಾಡಿಕೊಳ್ಳುವುದಿಲ್ಲ. ಅನುಮಾನ ಉಳಿದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ.

"ಯಾವುದು ಸರಿಹೋಗುತ್ತದೆ, ಯಾವುದು ಹೋಗುವುದಿಲ್ಲ?" ಕಾಲಿನ ನೋವು, ನಡಿಗೆಯ ದೂರ ಸುಧಾರಿಸುವ ಸಾಧ್ಯತೆ ಜಾಸ್ತಿ. ಸೊಂಟನೋವಿಗೆ ಅಷ್ಟು ಭರವಸೆ ಇಲ್ಲ. ಹಳೆಯ ಜೋಮು ಪೂರ್ತಿ ಹೋಗದೇ ಇರಬಹುದು. ನರದ ಹೊದಿಕೆ ಹರಿಯುವುದು, ಸೋಂಕು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ವರ್ಷಗಳ ಮೇಲೆ ಮತ್ತೆ ಕಿರಿದಾಗುವುದು ಇವುಗಳ ಬಗ್ಗೆಯೂ ಕೇಳಿ.

"ಖರ್ಚು?" ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30ರಂತೆ 1.5 ಲಕ್ಷದ ತನಕ ನೆರವಿದೆ. ಖಾಸಗಿ ಆಸ್ಪತ್ರೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುವುದುಂಟು. ಅಡ್ಮಿಟ್ ಆಗುವ ಮುಂಚೆಯೇ ಕೌಂಟರಿನಲ್ಲಿ ವಿಚಾರಿಸಿ.

ಆಪರೇಷನ್ ದಿನ ಗೊತ್ತಾದ ಮೇಲೆ ಸಕ್ಕರೆ ಹಿಡಿತಕ್ಕೆ ತನ್ನಿ, ಬೀಡಿ ಸಿಗರೇಟು ಬಿಡಿಸಿ. ಬೆಸೆಯುವ ಆಪರೇಷನ್‌ನಲ್ಲಂತೂ ತಂಬಾಕು ಮೂಳೆ ಕೂಡುವುದನ್ನೇ ತಡೆಯುತ್ತದೆ. ಬರೀ ಒತ್ತಡ ತೆಗೆದವರನ್ನು ಸಾಮಾನ್ಯವಾಗಿ ಮಾರನೇ ದಿನವೇ ನಡೆಸುತ್ತಾರೆ. "ಪಾಪ, ಮಲಗಿರಲಿ" ಎಂದು ತಡೆಯಬೇಡಿ. ಕೊಡ ಎತ್ತುವುದು, ನೆಲ ಒರೆಸುವುದು ಡಾಕ್ಟರು ಹೇಳುವ ತನಕ ಬೇಡ. ಹೊಲಿಗೆ ಜಾಗ ಕೆಂಪಾಗಿ ಕೀವು ಬಂದರೆ, ನೀರಿನಂಥ ದ್ರವ ಸೋರಿ ಕೂತಾಗ ತಲೆನೋವು ಬಂದರೆ, ಜ್ವರ ಬಂದರೆ, ಒಂದು ಮೀನಖಂಡ ಊದಿಕೊಂಡರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ಅದೇ ದಿನ ಫೋನ್ ಮಾಡಿ. ಮೂತ್ರ ನಿಂತರೆ ಅಥವಾ ಏಕಾಏಕಿ ಉಸಿರು ಕಟ್ಟಿದರೆ ಫೋನೂ ಬೇಡ, ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.